ಮಿಲ್ ಓಡ್ತಾ ಇದೆ, ಊರು ಖಾಲಿ: ಅಮೆರಿಕದ ಉಕ್ಕಿನ ಕಣಿವೆಯಲ್ಲಿ ಕ್ಯಾಮೆರಾ ಹಿಡಿದು

ಗುರುವಾರ: ವಿಯರ್ಟನ್, ಹೋಮ್‌ಸ್ಟೆಡ್

ಕೊಲಂಬಸ್‌ನಿಂದ ಪಿಟ್ಸ್‌ಬರ್ಗ್‌ಗೆ ಇಂಟರ್‌ಸ್ಟೇಟ್ 70 ಹಿಡಿದರೆ ಮೂರು ಗಂಟೆಯ ದಾರಿ. ನಾನು ಬೇಕಂತಲೇ 22ನೇ ನಂಬರಿನ ಹೆದ್ದಾರಿ ಹಿಡಿದೆ. ಅದು ಸ್ಟೂಬೆನ್‌ವಿಲ್ ಹತ್ತಿರ ಒಹಾಯೊ ನದಿ ದಾಟುತ್ತದೆ, ದಾಟಿದ ಕೂಡಲೇ ವೆಸ್ಟ್ ವರ್ಜಿನಿಯಾದ ವಿಯರ್ಟನ್. 2025ರ ಅಕ್ಟೋಬರ್, ಗುಡ್ಡದ ಮರಗಳೆಲ್ಲ ಕೆಂಪು, ಹಳದಿ. ಈ ಊರಿನ ಉಕ್ಕಿನ ಮಿಲ್ಲನ್ನು 1984ರಲ್ಲಿ ಕಾರ್ಮಿಕರೇ ಕೊಂಡುಕೊಂಡಿದ್ದರು. ಸಂಬಳ ಕಡಿಮೆ ಮಾಡಿಕೊಂಡು, ತಾವೇ ಮಾಲೀಕರಾಗಿ, ಸುಮಾರು ಇಪ್ಪತ್ತು ವರ್ಷ ನಡೆಸಿದರು. 2003ರಲ್ಲಿ ದಿವಾಳಿಯಾಯಿತು. ಬೇರೆ ಬೇರೆ ಕಂಪನಿಗಳ ಕೈಗೆ ಹೋಗಿ, ಕೊನೆಗೆ ಡಬ್ಬಿ ಮಾಡುವ ತಗಡಿನ ವಿಭಾಗವೂ 2024ರಲ್ಲಿ ನಿಂತಿತು. ನಾನು ಅಲ್ಲಿ ಜಾಸ್ತಿ ಹೊತ್ತು ಇರಲಿಲ್ಲ. ಮುಖ್ಯ ರಸ್ತೆಯಲ್ಲಿ ಮೋಡದ ಬೆಳಕಿನಲ್ಲಿ ನಾಲ್ಕಾರು ಫೋಟೋ ತೆಗೆದು ಹೊರಟೆ.

ಈ ಪ್ರವಾಸಕ್ಕೆ ತಂದಿದ್ದು ಒಂದೇ ಕ್ಯಾಮೆರಾ, 35 ಎಂಎಂ ಮತ್ತು 50 ಎಂಎಂ ಲೆನ್ಸ್, ಒಂದು ಟ್ರೈಪಾಡ್. ಟೆಲಿ ಲೆನ್ಸ್ ಮನೆಯಲ್ಲೇ ಬಿಟ್ಟೆ. ರಸ್ತೆಯ ಆ ಕಡೆ ನಿಂತು ಜನರ ಫೋಟೋ ಕದ್ದು ತೆಗೆಯುವುದು ನನಗೆ ಆಗಿಬರುವುದಿಲ್ಲ. 35 ಇದ್ದರೆ ಹತ್ತಿರ ಹೋಗಲೇಬೇಕು, ಹತ್ತಿರ ಹೋದರೆ ಮಾತಾಡಲೇಬೇಕು.

ಮುಚ್ಚಿಹೋದ ಕಾರ್ಖಾನೆಗಳ ಫೋಟೋ ನೀವೂ ನೋಡಿರುತ್ತೀರಿ. ಒಡೆದ ಗಾಜು, ತುಕ್ಕು, ಛಾವಣಿ ಸೀಳಿಕೊಂಡು ಮೇಲೆದ್ದ ಮರ. ನೋಡೋಕೆ ಚೆಂದ, ಅದೇ ತೊಂದರೆ. ಅವುಗಳಲ್ಲಿ ಒಬ್ಬ ಮನುಷ್ಯನೂ ಇರುವುದಿಲ್ಲ. ಊರು ಯಾವಾಗಲೋ ಸತ್ತುಹೋಗಿದೆ, ಯಾರ ತಪ್ಪೂ ಇಲ್ಲ, ಕಾಲ ಹಾಗಿತ್ತು ಅನ್ನುವ ಹಾಗೆ ಆ ಫೋಟೋಗಳು ಹೇಳುತ್ತವೆ. ನಿಜ ಹಾಗಿಲ್ಲ. ಜನ ಇದ್ದಾರೆ. ಕೆಲವು ಕಡೆ ಮಿಲ್ ಕೂಡ ಇದೆ, ರಾತ್ರಿ ಹಗಲು ಓಡುತ್ತಿದೆ. ಅದನ್ನು ಫೋಟೋದಲ್ಲಿ ತೋರಿಸಬೇಕು ಅಂತಲೇ ನಾನು ಹೊರಟಿದ್ದು.

ಸಂಜೆ ನಾಲ್ಕರ ಹೊತ್ತಿಗೆ ಹೋಮ್‌ಸ್ಟೆಡ್ ತಲುಪಿದೆ. ಪಿಟ್ಸ್‌ಬರ್ಗ್‌ನಿಂದ ಮೊನಾಂಗಹೀಲಾ ನದಿಗುಂಟ ಸ್ವಲ್ಪ ಮೇಲೆ ಹೋದರೆ ಸಿಗುವ ಊರು. ಅಮೆರಿಕದ ಕಾರ್ಮಿಕ ಚರಿತ್ರೆಯಲ್ಲಿ ಈ ಹೆಸರು ತುಂಬಾ ದೊಡ್ಡದು. 1892ರಲ್ಲಿ ಆಂಡ್ರೂ ಕಾರ್ನೆಗಿಯ ಮಿಲ್ ಇದು. ನಡೆಸುತ್ತಿದ್ದವನು ಹೆನ್ರಿ ಕ್ಲೇ ಫ್ರಿಕ್. ಯೂನಿಯನ್ ಮುರಿಯಬೇಕೆಂದು ಮಿಲ್ ಸುತ್ತ ಬೇಲಿ ಹಾಕಿಸಿದ, ಕಾರ್ಮಿಕರನ್ನು ಹೊರಗಿಟ್ಟ. ಜುಲೈ 6ರ ಬೆಳಗಿನ ಜಾವ ಪಿಂಕರ್ಟನ್ ಕಂಪನಿಯ ಸುಮಾರು 300 ಕಾವಲುಗಾರರನ್ನು ಎರಡು ದೋಣಿಗಳಲ್ಲಿ ತುಂಬಿಸಿ ನದಿಯಿಂದ ಇಳಿಸಲು ನೋಡಿದ. ಊರಿಗೆ ಊರೇ ದಡಕ್ಕೆ ಓಡಿ ಬಂತು. ಗುಂಡು ಹಾರಿದವು, ಎರಡೂ ಕಡೆ ಜನ ಸತ್ತರು. ಕಾವಲುಗಾರರು ಸಂಜೆ ಶರಣಾದರು, ಆದರೆ ಆಮೇಲೆ ರಾಜ್ಯದ ಸೈನ್ಯ ಬಂತು, ಯೂನಿಯನ್ ಮುರಿಯಿತು. ಉಕ್ಕಿನ ಮಿಲ್ಲುಗಳಿಗೆ ಯೂನಿಯನ್ ಮತ್ತೆ ಗಟ್ಟಿಯಾಗಿ ಕಾಲಿಡಲು 1930ರ ದಶಕ ಬರಬೇಕಾಯಿತು.

ದೋಣಿಗಳು ಬಂದು ನಿಂತ ಜಾಗದಲ್ಲಿ ಹಳೇ ಪಂಪ್ ಹೌಸ್ ಇನ್ನೂ ಇದೆ. ಇಟ್ಟಿಗೆ ಕಟ್ಟಡ, ಪಕ್ಕದಲ್ಲೇ ಸೈಕಲ್ ದಾರಿ. ಮಿಲ್ 1986ರಲ್ಲಿ ಮುಚ್ಚಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ 15,000 ಜನ ಕೆಲಸ ಮಾಡುತ್ತಿದ್ದರು. ಆಗ ಮಿಲ್ ದೊಡ್ಡದು ಮಾಡಬೇಕು ಅಂತ ಸರ್ಕಾರ ನದಿ ಪಕ್ಕದ ಕೇರಿಯನ್ನೇ ಕೆಡವಿಸಿತು, 8,000ಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೋದರು. ಮಿಲ್ಲಿಗಾಗಿ ಕೇರಿ ಹೋಯಿತು, ನಲವತ್ತೈದು ವರ್ಷಕ್ಕೆ ಮಿಲ್ಲೂ ಹೋಯಿತು. 1999ರಲ್ಲಿ ಆ ಜಾಗದಲ್ಲಿ ಮಾಲ್ ಬಂತು. ಈಗ ಅಲ್ಲಿ ಸಿನಿಮಾ ಥಿಯೇಟರ್, ಹೋಟೆಲ್‌ಗಳು, ದೊಡ್ಡ ಪಾರ್ಕಿಂಗ್. ಮಿಲ್ಲಿನ ಹನ್ನೆರಡು ಚಿಮಣಿಗಳನ್ನು ಮಾತ್ರ ಉಳಿಸಿದ್ದಾರೆ, ಸಾಲಾಗಿ ನಿಂತಿವೆ.

ಎಲ್ಲರೂ ಆ ಚಿಮಣಿಗಳ ಫೋಟೋ ತೆಗೆಯುತ್ತಾರೆ, ನಾನೂ ತೆಗೆದೆ. ಆದರೆ ರೈಲು ಹಳಿ ದಾಟಿ ಎಂಟನೇ ಅವೆನ್ಯೂಗೆ ಬಂದಾಗಲೇ ಊರು ಅರ್ಥವಾಗಿದ್ದು. ಮಾಲ್ ಇರುವುದು ಹಳಿಯ ಆ ಕಡೆ, ಊರು ಈ ಕಡೆ. ಮಾಲಿಗೆ ಬರುವವರು ಸೇತುವೆಯಿಂದ ಇಳಿದು ಸಾಮಾನು ಕೊಂಡು ಹಾಗೇ ಹೋಗುತ್ತಾರೆ. ಈ ಕಡೆಯ ಅಂಗಡಿ ಸಾಲಿನಲ್ಲಿ ಒಂದು ತೆರೆದಿದ್ದರೆ ಪಕ್ಕದ್ದು ಮುಚ್ಚಿದೆ. ಕ್ಷೌರದಂಗಡಿಯೊಂದರ ಒಳಗೆ ದೀಪ ಹತ್ತಿತ್ತು, ಬಾಗಿಲಲ್ಲಿ ನಿಂತು ಕೇಳಿದೆ, "ತೆಗೀರಿ, ಆದರೆ ಕತ್ತರಿ ಹಾಕಿಸಿಕೊಳ್ತಿರೋ ಹುಡುಗನ್ನ ಕೇಳಿ" ಅಂದರು ಅಂಗಡಿಯವರು. ಹುಡುಗ ಹೆಬ್ಬೆರಳು ಎತ್ತಿದ. ಆ ದಿನದ ಒಳ್ಳೆಯ ಫೋಟೋ ಅದೇ.

ರಾತ್ರಿ ಮನ್ರೋವಿಲ್‌ನಲ್ಲಿ ಗೆಳೆಯನ ಮನೆ. ಸಾರು ಅನ್ನ ತಿಂದು ಕೂತೆವು. ನಾಳೆ ಕೆಳಗೆ ನದಿ ದಡದ ಬ್ರಾಡಕ್ ಊರಿಗೆ ಹೋಗುತ್ತೇನೆ ಅಂದೆ. "ಅಲ್ಲೇನಿದೆ ಅಂತ ಹೋಗ್ತೀಯೋ? ನಾವು ಇಷ್ಟು ವರ್ಷದಿಂದ ಇದ್ದೀವಿ, ಬ್ರಾಡಕ್ ಒಳಗೆ ಕಾರು ನಿಲ್ಲಿಸಿದ್ದೇ ಇಲ್ಲ" ಅಂದ. ಅವನ ಮೇಲೆ ತಪ್ಪು ಹೊರಿಸುವುದಿಲ್ಲ. ಇಲ್ಲೇ ಹತ್ತಿರ ಪೆನ್ ಹಿಲ್ಸ್‌ನಲ್ಲಿ ವೆಂಕಟೇಶ್ವರ ದೇವಸ್ಥಾನ ಇದೆ, 1970ರ ದಶಕದಲ್ಲಿ ಕಟ್ಟಿದ್ದು. ನಮ್ಮವರು ಇಂಜಿನಿಯರ್, ಡಾಕ್ಟರ್ ಆಗಿ ಈ ಊರಿಗೆ ಬಂದು ನೆಲೆ ನಿಂತ ಕಾಲಕ್ಕೇ ನದಿಗುಂಟ ಮಿಲ್ಲುಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಗುಡ್ಡದ ಮೇಲೆ ಒಂದು ಬದುಕು, ಕೆಳಗೆ ಇನ್ನೊಂದು. ಮಧ್ಯೆ ಹತ್ತು ಹದಿನೈದು ನಿಮಿಷದ ದಾರಿ.

ಶುಕ್ರವಾರ: ಬ್ರಾಡಕ್

ಬೆಳಿಗ್ಗೆ ಆರೂವರೆಗೆ ಬ್ರಾಡಕ್. ಅಕ್ಟೋಬರಿನಲ್ಲಿ ಈ ಕಣಿವೆಯಲ್ಲಿ ಮಂಜು ಒಂಬತ್ತು ಗಂಟೆಯವರೆಗೂ ಏಳುವುದಿಲ್ಲ. ಮಂಜಿನ ಮಧ್ಯೆ ಮಿಲ್ಲಿನ ಬಿಳಿ ಉಗಿ. ಬಿಳಿಯ ಮೇಲೆ ಬಿಳಿ, ಕ್ಯಾಮೆರಾದ ಮೀಟರ್‌ಗೆ ಬಿಟ್ಟರೆ ಎಲ್ಲ ಬೂದಿಯಾಗುತ್ತದೆ. ಉಗಿ ಬಿಳಿಯಾಗಿ ಕಾಣಲಿ ಅಂತ ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು ಬೆಳಕು ಕೊಟ್ಟೆ, ಸೂರ್ಯ ಬಂದ ಮೇಲೆ ಒಂದು ಸ್ಟಾಪ್ ಇಳಿಸಿದೆ.

ಎಡ್ಗರ್ ಥಾಮ್ಸನ್ ವರ್ಕ್ಸ್. 1875ರಲ್ಲಿ ಕಾರ್ನೆಗಿ ಶುರು ಮಾಡಿದ ಮಿಲ್. ಎಡ್ಗರ್ ಥಾಮ್ಸನ್ ಅಂದರೆ ಮಿಲ್ ಕಟ್ಟಲು ಹೊರಟಾಗ ಪೆನ್ಸಿಲ್ವೇನಿಯಾ ರೈಲ್ವೆಯ ಅಧ್ಯಕ್ಷನಾಗಿದ್ದವನು. ಮಿಲ್ ಮಾಡಬೇಕಿದ್ದದ್ದು ರೈಲು ಕಂಬಿ, ಕೊಳ್ಳಬೇಕಿದ್ದವನು ಇವನು, ಹಾಗಾಗಿ ಮಿಲ್ಲಿಗೆ ಅವನ ಹೆಸರೇ ಇಟ್ಟ. ಆ ಮಿಲ್ ಇವತ್ತಿಗೂ ಓಡುತ್ತಿದೆ, 150 ವರ್ಷ ಆಯಿತು. ಇದೇ ನದಿಗುಂಟ ಇರುವ ಕ್ಲೇರ್ಟನ್‌ನಲ್ಲಿ ಕಲ್ಲಿದ್ದಲು ಬೇಯಿಸಿ ಕೋಕ್ ಅನ್ನುವ ಇಂಧನ ಮಾಡುತ್ತಾರೆ, ಅದು ರೈಲಿನಲ್ಲಿ ಇಲ್ಲಿಗೆ ಬರುತ್ತದೆ, ಇಲ್ಲಿನ ಎರಡು ಬ್ಲಾಸ್ಟ್ ಫರ್ನೇಸ್‌ಗಳಲ್ಲಿ, ಅಂದರೆ ಬಿಸಿ ಗಾಳಿ ಊದಿ ಅದಿರು ಕರಗಿಸುವ ಎತ್ತರದ ಕುಲುಮೆಗಳಲ್ಲಿ, ಕಬ್ಬಿಣ ಕರಗಿ ಉಕ್ಕಿನ ದಪ್ಪ ಹಲಗೆಗಳಾಗಿ ವೆಸ್ಟ್ ಮಿಫ್ಲಿನ್‌ನ ಅರ್ವಿನ್ ಘಟಕಕ್ಕೆ ಹೋಗುತ್ತದೆ, ಅಲ್ಲಿ ತಗಡಾಗುತ್ತದೆ. ಎಲ್ಲವೂ ಯುಎಸ್ ಸ್ಟೀಲ್ ಕಂಪನಿಯದ್ದು. 2025ರ ಜೂನ್‌ನಲ್ಲಿ ಆ ಕಂಪನಿಯನ್ನು ಜಪಾನಿನ ನಿಪ್ಪಾನ್ ಸ್ಟೀಲ್ ಕೊಂಡುಕೊಂಡಿತು.

ಈಗ ಊರು ನೋಡಿ. 1920ರ ಜನಗಣತಿಯಲ್ಲಿ ಬ್ರಾಡಕ್‌ನ ಜನಸಂಖ್ಯೆ 20,000 ದಾಟಿತ್ತು. 2020ರಲ್ಲಿ 1,721. ನೂರು ವರ್ಷದಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಜನ ಹೋದರು. ಮಿಲ್ ಮುಚ್ಚಿ ಊರು ಖಾಲಿಯಾಯಿತು ಅಂತ ಎಲ್ಲರೂ ಹೇಳುವ ಕಥೆ ಇಲ್ಲಿ ಹೊಂದುವುದೇ ಇಲ್ಲ, ಅಲ್ವಾ? ಮಿಲ್ ಕಣ್ಣೆದುರೇ ಇದೆ, ಉಗಿ ಬಿಡುತ್ತಿದೆ. ಉಕ್ಕು ಹೋಗಲಿಲ್ಲ, ಉಕ್ಕಿಗೆ ಈ ಊರು ಬೇಡವಾಯಿತು. 1980ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ಒಂದು ಟನ್ ಉಕ್ಕಿಗೆ ಸುಮಾರು ಹತ್ತು ಗಂಟೆಯ ಮನುಷ್ಯ ದುಡಿಮೆ ಬೇಕಿತ್ತು, ಈಗ ಎರಡು ಗಂಟೆಗೂ ಕಡಿಮೆ ಸಾಕು. ಜಪಾನ್, ಜರ್ಮನಿಯ ಉಕ್ಕು ಬಂದದ್ದು, ಗುಜರಿ ಕರಗಿಸುವ ಚಿಕ್ಕ ಮಿಲ್ಲುಗಳು ಬಂದದ್ದು, ಡಾಲರ್ ದುಬಾರಿಯಾದದ್ದು, ಕಂಪನಿಗಳು ಹಳೇ ಫರ್ನೇಸ್‌ಗಳನ್ನೇ ಎಳೆದಾಡಿದ್ದು, ಎಲ್ಲ ಸೇರಿತು. ಇದನ್ನೂ ಹೇಳಬೇಕು: ಮಿಲ್ಲುಗಳಿಗೆ ದುಡ್ಡಿಲ್ಲ ಅನ್ನುತ್ತಿದ್ದ ಆ ಕಾಲದಲ್ಲೇ, 1982ರಲ್ಲಿ, ಯುಎಸ್ ಸ್ಟೀಲ್ ಸುಮಾರು 600 ಕೋಟಿ ಡಾಲರ್ ಕೊಟ್ಟು ಮ್ಯಾರಥಾನ್ ಎಣ್ಣೆ ಕಂಪನಿ ಕೊಂಡುಕೊಂಡಿತು.

ಬ್ರಾಡಕ್ ಅವೆನ್ಯೂ ಉದ್ದಕ್ಕೂ ನಡೆದೆ. ಒಂದು ಕಟ್ಟಡ, ಪಕ್ಕದಲ್ಲಿ ಹುಲ್ಲು, ಇನ್ನೊಂದು ಕಟ್ಟಡ, ಮತ್ತೆ ಹುಲ್ಲು. ಕೆಡವಿದ ಜಾಗದ ಹುಲ್ಲನ್ನೆಲ್ಲ ಯಾರೋ ನೀಟಾಗಿ ಕತ್ತರಿಸಿ ಇಟ್ಟಿದ್ದಾರೆ. ಊರಿನ ಆಸ್ಪತ್ರೆ 2010ರಲ್ಲಿ ಮುಚ್ಚಿತು, ಜನ ಬೀದಿಗೆ ಇಳಿದು ಬೇಡ ಅಂದರೂ ನಿಲ್ಲಲಿಲ್ಲ. ಕಾರ್ನೆಗಿ ಅಮೆರಿಕದಲ್ಲಿ ಕಟ್ಟಿಸಿದ ಮೊದಲ ಲೈಬ್ರರಿ ಇಲ್ಲೇ ಇದೆ, 1889ರದ್ದು. ಕಲ್ಲಿನ ದೊಡ್ಡ ಕಟ್ಟಡ. ಕೆಳಗಡೆ ಕಾರ್ಮಿಕರಿಗೆ ಸ್ನಾನದ ಮನೆ ಇತ್ತಂತೆ. ಶಿಫ್ಟ್ ಮುಗಿಸಿ ಮಸಿ ತೊಳೆದುಕೊಂಡು ಮೇಲೆ ಹೋಗಿ ಓದಬಹುದಿತ್ತು, ಹನ್ನೆರಡು ಗಂಟೆ ಶಿಫ್ಟ್ ಆದ ಮೇಲೂ ಓದುವ ಶಕ್ತಿ ಉಳಿದಿದ್ದರೆ. 1974ರಲ್ಲಿ ಅದೂ ಮುಚ್ಚಿತ್ತು. ಕೆಡವಬಾರದು ಅಂತ ಊರಿನವರು ಹಟ ಹಿಡಿದು ಉಳಿಸಿಕೊಂಡರು.

ಕಪ್ಪು ಜನರ ಕಥೆಯನ್ನು ಬಿಟ್ಟರೆ ಬ್ರಾಡಕ್ ಅರ್ಥವಾಗುವುದಿಲ್ಲ. ಬೇರೆಯವರು ಗುಡ್ಡದ ಮೇಲಿನ ಹೊಸ ಬಡಾವಣೆಗಳಿಗೆ ಹೋದಾಗ ಇವರಿಗೆ ಅಲ್ಲಿ ಮನೆ ಸಿಗಲಿಲ್ಲ, ಬ್ಯಾಂಕ್ ಸಾಲ ಸಿಗಲಿಲ್ಲ. ಮಿಲ್ಲಿನ ಒಳಗೂ ಅವರಿಗೆ ಸಿಗುತ್ತಿದ್ದದ್ದು ಕೋಕ್ ಒಲೆಯಂಥ ಬಿಸಿ, ಹೊಗೆಯ ಕೆಲಸ. 1974ರಲ್ಲಿ ಒಂಬತ್ತು ಉಕ್ಕಿನ ಕಂಪನಿಗಳು ಮತ್ತು ಯೂನಿಯನ್ ಸೇರಿ ಸರ್ಕಾರದ ಜತೆ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಒಳ್ಳೆಯ ಕೆಲಸಗಳ ಬಾಗಿಲು ತೆರೆಯಿತು. ತೆರೆದು ಹತ್ತು ವರ್ಷದೊಳಗೆ ಸುತ್ತಲಿನ ಮಿಲ್ಲುಗಳೇ ಒಂದೊಂದಾಗಿ ಮುಚ್ಚತೊಡಗಿದವು. ಈ ಊರಿನಲ್ಲೇ 1982ರಲ್ಲಿ ಹುಟ್ಟಿದ ಲಾಟೋಯಾ ರೂಬಿ ಫ್ರೇಜಿಯರ್ ತನ್ನ ಅಜ್ಜಿ, ತಾಯಿ, ತನ್ನ ಫೋಟೋಗಳನ್ನೇ ವರ್ಷಗಟ್ಟಲೆ ತೆಗೆದರು, ಕಪ್ಪು ಬಿಳುಪಿನಲ್ಲಿ. ಅವುಗಳನ್ನು ನೋಡಿದ ಮೇಲೆ ಹೊರಗಿನಿಂದ ಬಂದ ನನ್ನಂಥವರು ಏನು ತೆಗೆಯಬಹುದು, ಏನು ತೆಗೆಯಬಾರದು ಅಂತ ತುಂಬಾ ಯೋಚಿಸಬೇಕಾಗುತ್ತದೆ. ಯಾರದೋ ಮನೆಯ ಒಳಗಿನ ನೋವು ನನ್ನದಲ್ಲ. ನಾನು ಬೀದಿ, ಜಗುಲಿ, ಅಂಗಡಿ ಇಷ್ಟರಲ್ಲೇ ಇದ್ದೆ.

ಮಧ್ಯಾಹ್ನ ಒಂದು ಮನೆಯ ಜಗುಲಿಯಲ್ಲಿ ವಯಸ್ಸಾದವರೊಬ್ಬರು ಕೂತಿದ್ದರು. ಕ್ಯಾಮೆರಾ ನೋಡಿ ತಾವೇ ಕರೆದರು. "ಎಲ್ಲಿಂದ ಬಂದಿದ್ದೀರಿ? ಇಲ್ಲಿ ಏನು ನೋಡೋಕೆ?"

"ಸರ್, ನಾನು ಇಂಡಿಯಾದವನು. ನಮ್ಮೂರಲ್ಲೂ ಬ್ಲಾಸ್ಟ್ ಫರ್ನೇಸ್ ಇತ್ತು."

ಅದು ಕೇಳಿ ಪಕ್ಕದ ಕುರ್ಚಿ ತೋರಿಸಿದರು. ಭದ್ರಾವತಿಯ ವಿಷಯ ಹೇಳಿದೆ. ಮೈಸೂರು ಸಂಸ್ಥಾನ ಕಟ್ಟಿದ ಕಬ್ಬಿಣದ ಕಾರ್ಖಾನೆ, 1923ರಲ್ಲಿ ಕಬ್ಬಿಣ ಬಂತು, ಶುರುವಿನಲ್ಲಿ ಕಾಡಿನ ಮರದ ಇದ್ದಿಲು ಹಾಕಿ ಕರಗಿಸುತ್ತಿದ್ದರು, ನಮ್ಮಪ್ಪ ಅಲ್ಲೇ ಕೆಲಸ ಮಾಡಿದವರು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಬಂದಾಗ ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತದ್ದನ್ನೂ ಹೇಳಿದೆ. ಇದ್ದಿಲಿನ ಮಾತು ಬಂದಾಗ ಅವರು ನಡುವೆ ತಡೆದು, ಒಂದು ಟನ್‌ಗೆ ಎಷ್ಟು ಮರ, ಫರ್ನೇಸ್ ಎಷ್ಟು ಎತ್ತರ, ಗಾಳಿ ಹೇಗೆ ಊದುತ್ತಿದ್ದರು ಅಂತೆಲ್ಲ ಕೇಳಿದರು. ಗೊತ್ತಿದ್ದಷ್ಟು ಹೇಳಿದೆ.

ಅವರು ಇದೇ ಮಿಲ್ಲಿನಲ್ಲಿ ದುಡಿದು ರಿಟೈರ್ ಆದವರು. "ನಾನು ಸೇರಿದಾಗ ಶಿಫ್ಟ್ ಬಿಟ್ಟರೆ ಈ ರಸ್ತೆ ದಾಟೋಕೆ ಆಗ್ತಿರಲಿಲ್ಲ, ಅಷ್ಟು ಜನ. ಎಲ್ಲರೂ ನಡೆದು ಬರೋರು, ನಡೆದು ಹೋಗೋರು. ದಾರಿಯಲ್ಲಿ ಬಾರು, ದಿನಸಿ ಅಂಗಡಿ, ಟೈಲರು. ಈಗ ಕೆಲಸದವರು ಕಾರಲ್ಲಿ ಬರ್ತಾರೆ, ಕಾರಲ್ಲಿ ಹೋಗ್ತಾರೆ, ಇಲ್ಲಿ ಒಂದು ಕಾಫಿನೂ ಕುಡಿಯಲ್ಲ." ಮೂರು ಗಂಟೆಗೆ ಗೇಟಿನ ಹತ್ತಿರ ಹೋಗಿ ನಿಂತು ನೋಡಿದೆ. ಅವರು ಹೇಳಿದ ಹಾಗೇ. ಪಿಕಪ್ ಟ್ರಕ್‌ಗಳು ಹೊರಗೆ ಬಂದವು, ಸಿಗ್ನಲ್‌ನಲ್ಲಿ ನಿಂತವು, ಸೇತುವೆ ಕಡೆ ತಿರುಗಿದವು, ಸ್ವಲ್ಪ ಹೊತ್ತಿಗೆ ರಸ್ತೆ ಮತ್ತೆ ಖಾಲಿ. ಗೋಡೆಯ ಹಿಂದೆ ಫರ್ನೇಸ್, ಮುಂದೆ ಟ್ರಕ್ಕುಗಳ ಸಾಲು, ಫುಟ್‌ಪಾತ್‌ನಲ್ಲಿ ಯಾರೂ ಇಲ್ಲ. ಆ ಫ್ರೇಮಿನಲ್ಲಿ ನಾನು ಹೇಳಬೇಕಾದದ್ದೆಲ್ಲ ಇದೆ ಅನ್ನಿಸಿತು.

ಶನಿವಾರ: ಕ್ಯಾರಿ ಫರ್ನೇಸ್, ಕ್ಲೇರ್ಟನ್, ಡೊನೋರಾ

ಬ್ರಾಡಕ್ ಪಕ್ಕದ ರ‍್ಯಾಂಕಿನ್‌ನಲ್ಲಿ ಕ್ಯಾರಿ ಫರ್ನೇಸ್ ಇದೆ. ಹೋಮ್‌ಸ್ಟೆಡ್ ಮಿಲ್ಲಿಗೆ ಕಬ್ಬಿಣ ಕೊಡುತ್ತಿದ್ದ ಫರ್ನೇಸ್‌ಗಳು ಇವು. ಕರಗಿದ ಕಬ್ಬಿಣ ರೈಲು ಗಾಡಿಯಲ್ಲಿ ಸೇತುವೆ ಮೇಲೆ ನದಿ ದಾಟಿ ಹೋಗುತ್ತಿತ್ತು. 6 ಮತ್ತು 7ನೇ ಫರ್ನೇಸ್ ಉಳಿದಿವೆ, 1907ರವು, 92 ಅಡಿ ಎತ್ತರ. ಒಳ್ಳೆಯ ಕಾಲದಲ್ಲಿ ದಿನಕ್ಕೆ 1,000 ಟನ್‌ಗೂ ಜಾಸ್ತಿ ಕಬ್ಬಿಣ. 1982ರಲ್ಲಿ ಈ ಜಾಗ ಮುಚ್ಚಿತು. ಈಗ ರಿವರ್ಸ್ ಆಫ್ ಸ್ಟೀಲ್ ಅನ್ನುವ ಸಂಸ್ಥೆ ಟಿಕೆಟ್ ಇಟ್ಟು ತೋರಿಸುತ್ತದೆ, ಹೆಲ್ಮೆಟ್ ಕೊಡುತ್ತಾರೆ. ಅಂಗಳದಲ್ಲಿ ಜಿಂಕೆಯ ದೊಡ್ಡ ತಲೆಯೊಂದಿದೆ, ಸುಮಾರು ನಲವತ್ತು ಅಡಿ ಎತ್ತರ. ಜಾಗ ಪಾಳು ಬಿದ್ದಿದ್ದಾಗ ಕಲಾವಿದರು ಕೆಲವರು ಬೇಲಿ ನುಸುಳಿ ಬಂದು ಅಲ್ಲೇ ಬಿದ್ದಿದ್ದ ಪೈಪು, ತಂತಿಗಳಿಂದ ಕಟ್ಟಿದ್ದು.

ಫೋಟೋಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ತುಕ್ಕಿನ ಬಣ್ಣ, ಮೇಲಿಂದ ಬೀಳುವ ಬೆಳಕು. ಆದರೂ ನಾನು ಇಲ್ಲಿ ಜಾಸ್ತಿ ತೆಗೆಯಲಿಲ್ಲ. ಗೈಡ್ ಮಾತೇ ಚೆನ್ನಾಗಿತ್ತು, ಕೇಳುತ್ತಾ ನಿಂತೆ. ಕಬ್ಬಿಣ ಹರಿಯುವ ಕಾಲುವೆಯಲ್ಲಿ ನೀರು ಒಂದು ತೊಟ್ಟು ಇದ್ದರೂ ಸಿಡಿಯುತ್ತದೆ ಅಂತ ಹೇಳುತ್ತಾ ಆಕೆ ಮರಳು ಹಾಸಿದ ನೆಲದಲ್ಲಿ ಕಾಲಿನಿಂದ ಗೆರೆ ಎಳೆದು ತೋರಿಸಿದರು. ಆ ಕಾಲು, ಆ ಗೆರೆ ತೆಗೆದುಕೊಂಡೆ.

ಅಲ್ಲಿಂದ ನದಿ ದಾಟಿ 837ನೇ ರಸ್ತೆ. ಈ ರಸ್ತೆ ನದಿಯನ್ನು ಬಿಡುವುದಿಲ್ಲ. ಡುಕೇನ್‌ನಲ್ಲಿ ಮಿಲ್ ಇದ್ದ ಜಾಗದಲ್ಲಿ ಈಗ ಗೋದಾಮುಗಳು. ಎದುರು ದಡದಲ್ಲಿ ಮೆಕೀಸ್‌ಪೋರ್ಟ್, ಪೈಪ್ ಮಾಡುತ್ತಿದ್ದ ಊರು. 1947ರ ಏಪ್ರಿಲ್‌ನಲ್ಲಿ ಕೆನಡಿ ಮತ್ತು ನಿಕ್ಸನ್, ಇಬ್ಬರೂ ಹೊಸ ಸಂಸದರಾಗಿದ್ದಾಗ, ಕಾರ್ಮಿಕ ಕಾನೂನಿನ ಮೇಲೆ ಮೊದಲ ಸಲ ಎದುರುಬದುರು ವಾದ ಮಾಡಿದ್ದು ಇಲ್ಲೇ. ಅಷ್ಟು ಮುಖ್ಯವಾದ ಊರಾಗಿತ್ತು.

ಕ್ಲೇರ್ಟನ್ ಬರುವ ಮೊದಲೇ ವಾಸನೆ ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ, ಗಂಟಲಿಗೆ ಅಂಟುತ್ತದೆ. ಅಮೆರಿಕದ ಅತಿ ದೊಡ್ಡ ಕೋಕ್ ಕಾರ್ಖಾನೆ ಇದು. ಒಲೆಗಳ ಸಾಲು ನದಿಗುಂಟ ಉದ್ದಕ್ಕೆ ಹೋಗುತ್ತದೆ. ಬೆಂದ ಕೋಕ್ ಮೇಲೆ ನೀರು ಸುರಿದಾಗಲೆಲ್ಲ ಗೋಪುರದಿಂದ ಬಿಳಿ ಮೋಡ ಎದ್ದು ರಸ್ತೆ ಮುಚ್ಚುತ್ತದೆ. 2025ರ ಆಗಸ್ಟ್ 11ರಂದು ಇಲ್ಲಿ ಸ್ಫೋಟವಾಗಿ ಇಬ್ಬರು ಕಾರ್ಮಿಕರು ಸತ್ತರು. ನಾನು ಹೋದದ್ದು ಅದಾಗಿ ಎರಡು ತಿಂಗಳಿಗೆ. ಊರಿನಲ್ಲಿ ಒಂದು ಹೋಟೆಲಿನಲ್ಲಿ ಕೂತು ಮಾತಾಡಿಸಿದರೆ ಎರಡೂ ಮಾತು ಒಬ್ಬರ ಬಾಯಲ್ಲೇ ಬರುತ್ತದೆ. ಮಗುವಿಗೆ ಅಸ್ತಮಾ, ಈ ಗಾಳಿ ಸಾಕಾಗಿದೆ ಅನ್ನುತ್ತಾರೆ. ಮಿಲ್ ಮುಚ್ಚಿದರೆ ಶಾಲೆಗೆ ತೆರಿಗೆ ಎಲ್ಲಿಂದ ಬರಬೇಕು ಅಂತಲೂ ಕೇಳುತ್ತಾರೆ. ಪರಿಸರದ ಪರವೋ ಕಾರ್ಮಿಕರ ಪರವೋ ಅಂತ ದೂರದಲ್ಲಿ ಕೂತು ಕೇಳುವವರು ಇಲ್ಲಿ ಬಂದು ಒಂದು ಊಟ ಮಾಡಬೇಕು. ಇಬ್ಬರೂ ಒಂದೇ ಮನೆಯಲ್ಲಿ ಇದ್ದಾರೆ. ಇಲ್ಲಿ ಯಾರನ್ನೂ ಫೋಟೋ ಕೇಳಲಿಲ್ಲ. ಸಾವಾದ ಊರಿನಲ್ಲಿ ಎರಡು ತಿಂಗಳು ಏನೂ ಅಲ್ಲ. ರಸ್ತೆಯಿಂದ ಕಾರ್ಖಾನೆಯದ್ದಷ್ಟೇ ತೆಗೆದೆ.

ಡೊನೋರಾ ತಲುಪುವಾಗ ಮಧ್ಯಾಹ್ನ ಒಂದೂವರೆ. 1948ರ ಅಕ್ಟೋಬರ್ ಕೊನೆಯ ವಾರ ಇಲ್ಲಿ ಗಾಳಿ ನಿಂತುಹೋಯಿತು. ಮೇಲೆ ಬೆಚ್ಚನೆಯ ಗಾಳಿಯ ಪದರ ಮುಚ್ಚಳದ ಹಾಗೆ ಕೂತು, ಕೆಳಗೆ ಸತು ಕಾರ್ಖಾನೆಯ ಹೊಗೆ ಕಣಿವೆಯಲ್ಲೇ ಉಳಿಯಿತು. ಹಗಲಲ್ಲೇ ಎದುರಿನವರು ಕಾಣುತ್ತಿರಲಿಲ್ಲ. ಬೆಂಕಿ ದಳದವರು ಆಮ್ಲಜನಕದ ಸಿಲಿಂಡರ್ ಹೊತ್ತು, ಗೋಡೆ ತಡವಿಕೊಂಡು, ಮನೆಯಿಂದ ಮನೆಗೆ ಹೋಗಿ ವಯಸ್ಸಾದವರಿಗೆ ನಾಲ್ಕು ಉಸಿರು ಕೊಟ್ಟು ಮುಂದಿನ ಮನೆಗೆ ಹೋಗುತ್ತಿದ್ದರು. ಭಾನುವಾರ ಕಾರ್ಖಾನೆ ನಿಲ್ಲಿಸಿದರು, ಮಳೆಯೂ ಬಂತು. ಅಷ್ಟರಲ್ಲಿ ಇಪ್ಪತ್ತು ಜನ ಸತ್ತಿದ್ದರು, ಸುಮಾರು 14,000 ಜನರ ಊರಿನಲ್ಲಿ ಹತ್ತಿರ ಹತ್ತಿರ ಅರ್ಧ ಜನರಿಗೆ ಕಾಯಿಲೆ. ಅಮೆರಿಕದಲ್ಲಿ ಗಾಳಿಯ ಶುದ್ಧಿಗೆ ಕಾನೂನು ಬೇಕು ಅನ್ನುವ ಮಾತು ಜೋರಾಗಿದ್ದು ಇದಾದ ಮೇಲೆ.

ಮುಖ್ಯ ರಸ್ತೆಯಲ್ಲಿ ಚಿಕ್ಕ ಮ್ಯೂಸಿಯಂ ಇದೆ, ಶನಿವಾರ ತೆರೆದಿರುತ್ತದೆ. ಊರಿನ ಹಿರಿಯರೇ ನೋಡಿಕೊಳ್ಳುತ್ತಾರೆ. ಶುದ್ಧ ಗಾಳಿ ಇಲ್ಲಿಂದ ಶುರುವಾಯಿತು ಅಂತ ಬೋರ್ಡು ಹಾಕಿದ್ದಾರೆ. ಆ ಸತು ಕಾರ್ಖಾನೆ 1957ರಲ್ಲಿ ಮುಚ್ಚಿತು, ಉಕ್ಕಿನ ಮಿಲ್ಲೂ 1960ರ ದಶಕದಲ್ಲಿ ಹೋಯಿತು. ಅಂದರೆ ಬೇರೆ ಊರುಗಳಿಗಿಂತ ಇಪ್ಪತ್ತು ವರ್ಷ ಮೊದಲೇ ಡೊನೋರಾ ಇದನ್ನೆಲ್ಲ ಕಂಡಿತ್ತು. ಈಗ ಊರಿನಲ್ಲಿ 5,000ಕ್ಕೂ ಕಡಿಮೆ ಜನ. ಬೇಸ್‌ಬಾಲ್ ಗೊತ್ತಿದ್ದವರಿಗೆ ಸ್ಟಾನ್ ಮ್ಯೂಸಿಯಲ್ ಹೆಸರು ಗೊತ್ತಿರುತ್ತದೆ, ಅವರೂ ಈ ಊರಿನವರು, ಗ್ರಿಫಿ ಅಪ್ಪ ಮಗ ಇಬ್ಬರೂ ಇಲ್ಲಿಯವರೇ. ಮ್ಯೂಸಿಯಂನ ಹಿರಿಯರೊಬ್ಬರು ನನ್ನ ಕೈ ಹಿಡಿದುಕೊಂಡೇ ಗೋಡೆಯ ಪ್ರತಿ ಫೋಟೋ ತೋರಿಸಿದರು. ಗುಡ್ಡದ ಮೇಲೆ ಸಿಮೆಂಟ್ ಸಿಟಿ ಅನ್ನುವ ಬೀದಿಗಳಿವೆ, 1916-17ರಲ್ಲಿ ಅಚ್ಚಿಗೆ ಕಾಂಕ್ರೀಟ್ ಸುರಿದು ಮಾಡಿದ ಮನೆಗಳು. ನೂರು ವರ್ಷ ಆದರೂ ಗಟ್ಟಿ. ಒಬ್ಬಾಕೆ ಗೋಡೆ ತಟ್ಟಿ ತೋರಿಸಿ, "ಇದಕ್ಕೆ ಮೊಳೆ ಹೊಡೆಯೋಕೆ ಆಗಲ್ಲ, ನಮ್ಮಮ್ಮ ಕ್ಯಾಲೆಂಡರ್‌ಗೂ ಪರದಾಡ್ತಿದ್ದರು" ಅಂದರು. ಆಕೆ ಬಾಗಿಲಲ್ಲಿ ನಿಂತ ಫೋಟೋ ತೆಗೆದೆ. ಹಿಂದೆ ಗೋಡೆಯ ಮೇಲೆ ಒಂದು ಚಿತ್ರವೂ ಇಲ್ಲ.

ಹಿಂತಿರುಗುವಾಗ ಚರ್ಚೊಂದರ ಬೇಸ್‌ಮೆಂಟಿನಲ್ಲಿ ಪಿರೋಗಿ ಮಾರುತ್ತಿದ್ದರು. ಆಲೂಗಡ್ಡೆ, ಚೀಸ್ ತುಂಬಿದ ನಮ್ಮ ಕಡುಬಿನಂಥದ್ದು, ಬೆಣ್ಣೆಯಲ್ಲಿ ಈರುಳ್ಳಿ ಹುರಿದು ಮೇಲೆ ಹಾಕುತ್ತಾರೆ. ಸ್ಲೋವಾಕಿಯಾ, ಪೋಲೆಂಡ್ ಕಡೆಯಿಂದ ಬಂದವರು ಕಟ್ಟಿದ ಚರ್ಚುಗಳು ಇವು. ಹಿಟ್ಟು ಲಟ್ಟಿಸುವ ಕೈಗಳೆಲ್ಲ ಎಪ್ಪತ್ತು ದಾಟಿದವು. ಒಂದು ಡಜನ್ ಗೆಳೆಯನ ಮನೆಗೂ ಕಟ್ಟಿಸಿಕೊಂಡೆ.

ಭಾನುವಾರ: ಅಲಿಕ್ವಿಪಾ, ಯಂಗ್ಸ್‌ಟೌನ್

ಬೆಳಿಗ್ಗೆ ಅಲಿಕ್ವಿಪಾ. ಒಹಾಯೊ ನದಿಗುಂಟ ಏಳು ಮೈಲಿ ಉದ್ದ ಇತ್ತು ಇಲ್ಲಿನ ಜೋನ್ಸ್ ಅಂಡ್ ಲಾಫ್ಲಿನ್ ಮಿಲ್. ಊರನ್ನೂ ಕಂಪನಿಯೇ ಕಟ್ಟಿತ್ತು. ಬಡಾವಣೆಗಳಿಗೆ ಪ್ಲ್ಯಾನ್ 11, ಪ್ಲ್ಯಾನ್ 12 ಅಂತ ನಂಬರ್. ಯಾವ ದೇಶದಿಂದ ಬಂದವರು, ಯಾವ ಬಣ್ಣದವರು ಅಂತ ನೋಡಿ ಬೇರೆ ಬೇರೆ ಪ್ಲ್ಯಾನ್‌ಗೆ ಹಾಕುತ್ತಿದ್ದರು, ಒಂದಾಗಬಾರದು ಅಂತ. ಆದರೂ ಒಂದಾದರು. ಯೂನಿಯನ್ ಸೇರಿದ್ದಕ್ಕೆ ಹತ್ತು ಜನರನ್ನು ಕೆಲಸದಿಂದ ತೆಗೆದ ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1937ರಲ್ಲಿ ಕಾರ್ಮಿಕರ ಪರ ತೀರ್ಪು ಬಂತು. ಯೂನಿಯನ್ ಕಟ್ಟುವ ಹಕ್ಕಿಗೆ ಅಮೆರಿಕದಲ್ಲಿ ಬಲ ಬಂದಿದ್ದೇ ಆ ತೀರ್ಪಿನಿಂದ. 1980ರ ದಶಕದ ಮಧ್ಯದಲ್ಲಿ ಇಲ್ಲಿ ಸಾವಿರಾರು ಜನ ಕೆಲಸ ಕಳಕೊಂಡರು. 1930ರಲ್ಲಿ 27,000 ಜನ ಇದ್ದ ಊರಿನಲ್ಲಿ ಈಗ ಸುಮಾರು 9,000.

ಫ್ರ್ಯಾಂಕ್ಲಿನ್ ಅವೆನ್ಯೂ ಭಾನುವಾರ ಇನ್ನಷ್ಟು ಖಾಲಿ. ಚರ್ಚ್ ಬಿಟ್ಟ ಮೇಲೆ ಮೆಟ್ಟಿಲ ಮೇಲೆ ನಿಂತ ಕುಟುಂಬವೊಂದು ತಾವಾಗಿಯೇ ಕರೆದು ಫೋಟೋ ತೆಗೆಸಿಕೊಂಡಿತು. ಮಗ ಹೈಸ್ಕೂಲ್ ತಂಡದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಾನೆ. ಈ ಚಿಕ್ಕ ಊರಿನಿಂದ ಮೈಕ್ ಡಿಟ್ಕಾ, ಟೈ ಲಾ, ಡರೆಲ್ ರೇವಿಸ್ ಅಂಥ ಆಟಗಾರರು ಬಂದಿದ್ದಾರೆ. ತಾಯಿ ವಿಳಾಸ ಬರೆದುಕೊಟ್ಟು, "ಪ್ರಿಂಟ್ ಕಳಿಸ್ತೀರಲ್ವಾ? ಹಿಂದೆ ಒಬ್ಬರು ತೆಗೆದುಕೊಂಡು ಹೋದರು, ಕಳಿಸಲೇ ಇಲ್ಲ" ಅಂದರು. ಕಳಿಸುತ್ತೇನೆ. ಈ ಕೆಲಸ ಮಾಡುವವರು ಕ್ಯಾಮೆರಾ ಬ್ಯಾಗಿನಲ್ಲಿ ವಿಳಾಸ ಬರೆಯಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಪ್ರಿಂಟ್ ಕಳಿಸಿ. ದುಬಾರಿ ಏನಲ್ಲ.

ಮಧ್ಯಾಹ್ನ ಒಹಾಯೊ ಗಡಿ ದಾಟಿ ಯಂಗ್ಸ್‌ಟೌನ್. 1930ರಲ್ಲಿ 1,70,000 ಜನ, 2020ರಲ್ಲಿ 60,000. ಇಲ್ಲಿನವರು 1977ರ ಸೆಪ್ಟೆಂಬರ್ 19ನ್ನು ಕಪ್ಪು ಸೋಮವಾರ ಅನ್ನುತ್ತಾರೆ. ಯಂಗ್ಸ್‌ಟೌನ್ ಶೀಟ್ ಅಂಡ್ ಟ್ಯೂಬ್ ಕಂಪನಿ ಆವತ್ತು ಕ್ಯಾಂಬೆಲ್ ಮಿಲ್ ಮುಚ್ಚುತ್ತೇವೆ ಅಂತ ಹೇಳಿತು, ಸುಮಾರು 5,000 ಕೆಲಸ. ಜನ ಸುಮ್ನೆ ಕೂರಲಿಲ್ಲ. ಚರ್ಚುಗಳು ಮುಂದೆ ನಿಂತು, ಮಿಲ್ಲನ್ನು ನಾವೇ ಕೊಳ್ಳೋಣ ಅಂತ ಊರಿನವರ ಉಳಿತಾಯದ ದುಡ್ಡು ಬ್ಯಾಂಕ್ ಖಾತೆಗಳಲ್ಲಿ ಒಟ್ಟು ಮಾಡಿದರು. ಸರ್ಕಾರದ ಸಾಲದ ಖಾತರಿ ಬೇಕಿತ್ತು, 1979ರಲ್ಲಿ ಅದು ಆಗುವುದಿಲ್ಲ ಅಂದರು. 1980ರ ಜನವರಿಯಲ್ಲಿ ಇನ್ನೊಂದು ಮಿಲ್ಲಿನ ಕಾರ್ಮಿಕರು ಯುಎಸ್ ಸ್ಟೀಲ್ ಆಫೀಸಿಗೇ ನುಗ್ಗಿ ಕೂತರು. ಮಿಲ್ ಉಳಿಯಲಿಲ್ಲ. ಇಂಥ ಊರುಗಳ ಹೋರಾಟದ ಫಲವಾಗಿ 1988ರಲ್ಲಿ ಒಂದು ಕಾನೂನು ಬಂತು. ದೊಡ್ಡ ಕಂಪನಿಗಳು ಘಟಕ ಮುಚ್ಚುವ 60 ದಿನ ಮೊದಲು ಕೆಲಸಗಾರರಿಗೆ ತಿಳಿಸಬೇಕು. ಇವತ್ತು ಅಮೆರಿಕದಲ್ಲಿ ಕೆಲಸ ಮಾಡುವ ನಮ್ಮ ಐಟಿ ಹುಡುಗರು ದೊಡ್ಡ ಲೇಆಫ್ ಬಂದಾಗ ವಾರ್ನ್ ನೋಟಿಸ್ ಅನ್ನುತ್ತಾರಲ್ಲ, ಅದೇ ಕಾನೂನು. ಅದರ ಹಿಂದೆ ಈ ಜನ ಇದ್ದಾರೆ ಅಂತ ಎಷ್ಟು ಮಂದಿಗೆ ಗೊತ್ತು?

ಪಕ್ಕದ ಕ್ಯಾಂಬೆಲ್ ಊರಿನ ಇಳಿಜಾರಿನಲ್ಲಿ ಕಂಪನಿ ಕಟ್ಟಿಸಿದ ಕಾಂಕ್ರೀಟ್ ಮನೆಗಳ ಸಾಲು ಇನ್ನೂ ಇದೆ. 1916ರ ಜನವರಿಯಲ್ಲಿ ಮುಷ್ಕರದ ಗಲಾಟೆಯಲ್ಲಿ ಊರಿನ ಅಂಗಡಿ ಬೀದಿಯೇ ಸುಟ್ಟುಹೋಗಿತ್ತು, ಆಮೇಲೆ ಕಾರ್ಮಿಕರಿಗೆ ಅಂತ ಕಟ್ಟಿದ್ದು. ಕೆಲವು ಮನೆಗಳಿಗೆ ಛಾವಣಿ ಇಲ್ಲ, ಬಾಗಿಲು ಇಲ್ಲ. ಅವುಗಳ ಮಧ್ಯೆಯೇ ಕೆಲವನ್ನು ಕೊಂಡು, ರಿಪೇರಿ ಮಾಡಿಕೊಂಡು ಜನ ಇದ್ದಾರೆ. ನಾನು ಪಾಳುಬಿದ್ದ ಕಡೆ ಕ್ಯಾಮೆರಾ ಎತ್ತಿದಾಗ ಪಕ್ಕದ ಮನೆಯಿಂದ ಒಬ್ಬರು ಬಂದರು. ನಲವತ್ತರ ಆಸುಪಾಸು, ಕೈಯಲ್ಲಿ ಸುತ್ತಿಗೆ.

"ಎಲ್ಲರೂ ಅದನ್ನೇ ತೆಗೀತಾರೆ. ಇಲ್ಲಿ ಬನ್ನಿ, ಇದನ್ನ ತೆಗೀರಿ. ಈ ಛಾವಣಿ ನಾನೇ ಹಾಕಿದ್ದು, ಜೂನ್‌ನಲ್ಲಿ."

ರಸ್ತೆಯಿಂದ ಛಾವಣಿ ಕಾಣುತ್ತಿರಲಿಲ್ಲ. ಅವರ ಏಣಿ ಹತ್ತಿದೆ, ಅವರೂ ಹತ್ತಿದರು. ಸೂರ್ಯ ಪಶ್ಚಿಮಕ್ಕೆ ಇಳಿದು ಹೆಂಚಿನ ಹಾಗೆ ಹೊದಿಸಿದ ಹೊಸ ಶಿಂಗಲ್‌ಗಳ ಅಂಚು ಒಂದೊಂದೂ ಎದ್ದು ಕಾಣುತ್ತಿತ್ತು. 35 ಹಾಕಿ, ಛಾವಣಿ ಪೂರ್ತಿ ಬರುವ ಹಾಗೆ, ಅವರು ಮಧ್ಯದಲ್ಲಿ ಕೂತ ಹಾಗೆ ತೆಗೆದೆ. ಅವರು ಪರದೆಯಲ್ಲಿ ನೋಡಿ, ಅಂಚಿನ ಪಟ್ಟಿ ಕತ್ತರಿಸಿಹೋಗಿದೆ ಅಂದರು. ಹೌದು, ಹೋಗಿತ್ತು. ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ತೆಗೆದೆ. ಈ ಸಲ ಪಟ್ಟಿಯೂ ಬಂತು. ಪ್ರಿಂಟ್ ದೊಡ್ಡ ಸೈಜಿನದ್ದೇ ಬೇಕು ಅಂದರು, ನೋಟ್‌ಬುಕ್ಕಿನಲ್ಲಿ ಅಳತೆಯನ್ನೂ ತಾವೇ ಬರೆದುಕೊಟ್ಟರು.